‘ಪತ್ತಾ ಪಿಸಬೇಕಾಗಿತ್ತು’

ವರದಿಗಾರನಾಗಿ ನಾನು ಬರೆದದ್ದು ಹೆಚ್ಚುಕಡಿಮೆ ಎಲ್ಲವೂ ಅಚ್ಚಾದ ಮರುದಿನವೇ ಹಳೆಯದಾಯಿತು. ಅಚ್ಚಾಗದ ಒಂದು ಹಾಳೆ ಮಾತ್ರ ಇನ್ನೂ ಹಳೆಯದಾಗಿಲ್ಲ. ಅದು ಮರಾಠಿಯಲ್ಲಿತ್ತು. ಹನ್ನೊಂದು ವಾಕ್ಯಗಳಿದ್ದವು. ಓದಿದವರು ನಮ್ಮ ಪತ್ರಿಕೆಯ ಮಾಲಕರೊಬ್ಬರೇ. ಅದರ ಒಂಬತ್ತನೆಯ ವಾಕ್ಯದಿಂದ ಒಬ್ಬ ಹೆಣ್ಣುಮಗಳ ಕೆಲಸ ಹೋಯಿತು, ಅವರ ಊರಿನಲ್ಲಿ ಅವರ ಹೆಸರೂ ಕೆಟ್ಟಿತು. ಆ ವಾಕ್ಯದಲ್ಲಿ ಅವರು ಆಡದ ಮಾತನ್ನು ನಾನು ಸೇರಿಸಿರಲಿಲ್ಲ. ಹಾಗಿದ್ದೂ ಅದು ಸುಳ್ಳು. ಸುಳ್ಳಿರಬಹುದೆಂಬ ಅನುಮಾನ ಬರೆಯುವ ಹೊತ್ತಿಗೇ ನನಗಿತ್ತು.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಸೊಲ್ಲಾಪುರದ ಒಂದು ಮರಾಠಿ ಸಂಜೆಪತ್ರಿಕೆಯಲ್ಲಿ ನಾನು ಮುಖ್ಯ ವರದಿಗಾರನಾಗಿದ್ದೆ. ವಾರಕ್ಕೊಮ್ಮೆ ಅದರಲ್ಲಿ ಒಂದು ಕನ್ನಡ ಪುಟ ಬರುತ್ತಿತ್ತು, ಅದೂ ನನ್ನ ಪಾಲಿನದೇ. ಮನೆಯಲ್ಲಿ ಕನ್ನಡ, ಕಚೇರಿಯ ಕಾಗದದ ಮೇಲೆ ಮರಾಠಿ, ಚಹಾ ಕುಡಿಯುವಾಗ ಎರಡೂ ಕೂಡಿದ್ದು. ಮಾಲಕರಿಗೆ ಕನ್ನಡ ಬರುತ್ತಿರಲಿಲ್ಲ. ಕಚೇರಿಯ ಅರ್ಧ ಜನ ಕನ್ನಡದಲ್ಲಿ ಹೇಳಿದ್ದನ್ನು ಉಳಿದರ್ಧ ಜನ ಮರಾಠಿಯಲ್ಲಿ ಬರೆದು ಅವರ ಮೇಜಿಗೆ ಕಳಿಸುತ್ತಿದ್ದರು. ಯಾರೂ ಅದನ್ನು ಅನುವಾದವೆಂದು ತಿಳಿದಿರಲಿಲ್ಲ.

ಕಚೇರಿಯಲ್ಲಿ ಆರು ಕಂಪ್ಯೂಟರುಗಳಿದ್ದವು. ಐದರಲ್ಲಿ ಪುಟ ಕಟ್ಟುತ್ತಿದ್ದೆವು. ಆರನೆಯದು ಮೂಲೆಯಲ್ಲಿ, ಕಟ್ಟಿಗೆಯ ಪಾರ್ಟಿಶನ್ನಿನ ಹಿಂದೆ ಇತ್ತು. ಕಟ್ಟಿದ ಪುಟಗಳೆಲ್ಲ ಅದರಲ್ಲಿ ಕೂಡಿರುತ್ತಿದ್ದವು. ಅದಕ್ಕೊಂದು ಫೋನ್ ಲೈನೂ ಮೊಡೆಮ್ಮೂ ಇದ್ದು, ಬೆಳಿಗ್ಗೆ ಎಂಟರಿಂದ ಒಂದರವರೆಗೆ ಅದು ಇಂಟರ್‌ನೆಟ್ಟಿಗೆ ತೆರೆದಿರುತ್ತಿತ್ತು. ತಾಲೂಕಿನ ವರದಿಗಾರರು ತಮ್ಮ ಸುದ್ದಿಯನ್ನು ಆ ದಾರಿಯಿಂದ ಕಳಿಸುತ್ತಿದ್ದರು. ಒಂದು ಕಂಪ್ಯೂಟರ್ ಮಾಸಿಕದ ಜೊತೆ ಪುಕ್ಕಟೆ ಬಂದ ಸಿ.ಡಿ.ಯಿಂದ ಅದನ್ನು ನಡೆಸುವ ವ್ಯವಸ್ಥೆಯನ್ನು ಹಾಕಿದವರು, ದಿನವೂ ನೋಡಿಕೊಳ್ಳುತ್ತಿದ್ದವರು ಬಾಯಾರು.

ಬಾಯಾರು ಅಕ್ಕಲಕೋಟದವರು. ಮೂವತ್ತೆರಡು ಮೂವತ್ತಮೂರರ ವಯಸ್ಸು, ಹೊಲವಿದ್ದ ಮನೆತನ. ಸಂಜೆ ಅಣ್ಣನ ಮನೆಯ ಮುಂದಿನ ಕೋಣೆಯಲ್ಲಿ ಊರ ಹುಡುಗಿಯರಿಗೆ ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದರು. ಅದಕ್ಕೇ ಆ ಹೆಸರು: ಶಾಲೆಯ ಶಿಕ್ಷಕಿಯನ್ನು ಕರೆಯುವಂತೆ ಎಲ್ಲರೂ ಬಾಯಾರು ಎನ್ನುತ್ತಿದ್ದರು, ಅವರಿಗಿಂತ ಹದಿನೈದು ವರ್ಷ ದೊಡ್ಡವನಾದ ನಾನೂ. ಬೆಳಗಿನ ಎಸ್.ಟಿ. ಹಿಡಿದು ಬರುತ್ತಿದ್ದರು. ಕುಂಭಾರಿಯಲ್ಲಿ ಜನ ಹತ್ತಿ ಬಸ್ಸು ತುಂಬಿಹೋಗುವ ಮೊದಲು, ಕುಳಿತಲ್ಲೇ ಏನಾದರೂ ಓದುತ್ತಿರುತ್ತಿದ್ದರಂತೆ. ಕಂಪ್ಯೂಟರ್ ಕೆಲಸದವರು ಜಗತ್ತಿನ ಬೇರೆ ಬೇರೆ ಕಡೆಯಿಂದ ಒಬ್ಬರಿಗೊಬ್ಬರು ಬರೆದುಕೊಂಡ ಕಾಗದಗಳ ಪ್ರಿಂಟ್‌ಔಟುಗಳು ಅವು. ಪೆನ್ನಿನಿಂದ ಗೆರೆ ಎಳೆದಿರುತ್ತಿದ್ದರು.

ಇನ್ನು ಇಸ್ಪೀಟಿನ ಮಾತು. ಇದನ್ನು ಬಿಟ್ಟು ಉಳಿದದ್ದು ತಿಳಿಯುವುದಿಲ್ಲ. ಮರಾಠಿಯಲ್ಲಿ ವಿಳಾಸಕ್ಕೆ ಪತ್ತಾ ಎನ್ನುತ್ತಾರೆ. ಇಸ್ಪೀಟಿನ ಎಲೆಗೂ ಪತ್ತಾ ಎಂದೇ ಅನ್ನುತ್ತಾರೆ. ಎಲೆ ಕಲೆಸುವುದಕ್ಕೆ ಪಿಸುವುದು ಎಂಬ ಮಾತಿದೆ. ನಮ್ಮ ಸೊಲ್ಲಾಪುರದ ಕನ್ನಡ ಇವೆಲ್ಲವನ್ನೂ ಹಾಗೆಯೇ ಇಟ್ಟುಕೊಂಡಿದೆ. ನಾನು ಹನ್ನೊಂದು ಗಂಟೆಯ ಸುಮಾರಿಗೆ, ಕರಡು ತಿದ್ದಿ ಬರುವವರೆಗೆ, ಮೂರನೆಯ ಕಂಪ್ಯೂಟರಿನಲ್ಲಿ ಪತ್ತಾ ಆಡುತ್ತಿದ್ದೆ. ಅದರಲ್ಲಿ ಮೊದಲೇ ಇದ್ದ ಆಟ ಬೇಸರವಾಗಿ, ಗೆಳೆಯನೊಬ್ಬ ಕೊಟ್ಟ ಫ್ಲಾಪಿಯಿಂದ ಬೇರೊಂದನ್ನು ಹಾಕಿಕೊಂಡಿದ್ದೆ. ಹೊರಗಿನ ಫ್ಲಾಪಿ ಹಾಕಿದವರನ್ನು ಕೆಲಸದಿಂದ ತೆಗೆಯಲಾಗುವುದು ಎಂದು ಮಾಲಕರ ಸಹಿಯ ನೋಟೀಸು ಆ ಕಂಪ್ಯೂಟರಿನ ಹಿಂದಿನ ಗೋಡೆಯ ಮೇಲಿತ್ತು. ಅದರ ಭಾಷೆ ತಿದ್ದಿಕೊಟ್ಟವನು ನಾನು.

ಒಂದು ಬೆಳಿಗ್ಗೆ ಒಂಬತ್ತೂವರೆಯ ಹೊತ್ತಿಗೆ ಆರನೆಯ ಕಂಪ್ಯೂಟರಿನಲ್ಲಿದ್ದ ಪುಟಗಳೆಲ್ಲ ಹೋಗಿಬಿಟ್ಟವು. ಹಿಂದಿನ ದಿನ ಕಟ್ಟಿಟ್ಟ ಒಳಪುಟ, ಜಾಹೀರಾತು, ಕನ್ನಡ ಪುಟ, ಒಂದೂ ಉಳಿದಿರಲಿಲ್ಲ. ಪರದೆಯ ಮೇಲೆ ಯಾರೋ ಇಂಗ್ಲಿಷಿನಲ್ಲಿ ನಮ್ಮನ್ನು ಅಣಕಿಸಿ ಒಂದು ಸಾಲು ಬರೆದಿಟ್ಟಿದ್ದರು. ಅಂದು ಪತ್ರಿಕೆ ಎರಡೇ ಪುಟದ್ದಾಗಿ ನಾಲ್ಕು ಗಂಟೆಗೆ ಹೊರಟಿತು. ಅಕ್ಕಲಕೋಟದ ಗಾಡಿ ಹೋಗಿಬಿಟ್ಟಿತ್ತು. ಹೋಟಗಿಗೆ ಹೋಗುವ ಪತ್ರಿಕೆಗಳ ಗಂಟನ್ನು ಒಬ್ಬರು ಸೈಕಲ್ಲಿನ ಮೇಲೆ ಒಯ್ದರು. ಮಾಲಕರು ನನ್ನನ್ನು ಕರೆಸಿ, ಸಂಜೆಯೊಳಗೆ ಒಂದು ಹಾಳೆಯ ಚೌಕಶಿ ವರದಿ ಬೇಕು, ಯಾರ ತಪ್ಪೆಂದು ಗೊತ್ತಾಗಬೇಕು, ತಪ್ಪು ಮಾಡಿದವರು ನಾಳೆಯಿಂದ ಇಲ್ಲಿರಬಾರದು ಎಂದರು. ನನಗೇ ಯಾಕೆ ಎಂದು ನಾನು ಕೇಳಲಿಲ್ಲ. ಅವರೇ ಹೇಳಿದರು: “ತುಮ್ಹೀ ಪದರಚೇ ಕಾಹೀ ಘಾಲತ ನಾಹೀ.” ನೀವು ಕೈಯಿಂದ ಏನೂ ಸೇರಿಸುವುದಿಲ್ಲ ಎಂದು ಅದರ ಅರ್ಥ.

ಅದು ನಿಜವಾಗಿತ್ತು. ಕೇಳಿದ್ದನ್ನು ಕೇಳಿದಂತೆ ಬರೆಯುವುದು ನನ್ನ ಅಭಿಮಾನ. ಹೊಸಬರಿಗೆ ನಾನು ಕಲಿಸುತ್ತಿದ್ದ ಮೊದಲ ಪಾಠವೂ ಅದೇ. ಎರಡನೆಯ ಪಾಠವೂ ಒಂದಿತ್ತು: ಹೇಳುವವರ ಮಾತಿಗೆ ಎರಡು ಅರ್ಥ ಬರುತ್ತಿದ್ದರೆ ಪೆನ್ನು ನಿಲ್ಲಿಸಿ ಮತ್ತೊಮ್ಮೆ ಕೇಳು.

ಪಾರ್ಟಿಶನ್ನಿನ ಹಿಂದೆ ಬಾಯಾರು ನಿಂತೇ ಇದ್ದರು. ಬೆಳಗಿನಿಂದ ಏನೂ ತಿಂದಿರಲಿಲ್ಲ. ನಾನು ಸ್ಟೂಲು ಎಳೆದುಕೊಂಡು ನೋಟ್‌ಬುಕ್ಕು ತೆರೆದೆ.

“ಏನಾಗೇದ, ಒಂದೊಂದಽ ಹೇಳ್ರಿ ಬಾಯಾರ. ನಾ ಬರಕೋತೀನಿ.”

“ಹೊರಗಿನವ್ರು ಫೋನಿನ ಲೈನಿನ ಮ್ಯಾಲಿಂದ ಒಳಗ ಬಂದಾರ್ರಿ ಸರ. ಸುದ್ದಿ ಇಸ್ಕೊಳ್ಳೂ ಪ್ರೋಗ್ರಾಮ್ ಐತಲ್ರಿ, ಅದಕ್ಕ ಉದ್ದಂದೊಂದು ಹೆಸರು ಕೊಟ್ಟಾರ. ಇದ್ದ ಜಾಗಾದಾಗ ಹಿಡಿಲಾರದಷ್ಟು ಉದ್ದ. ಅದು ತುಳುಕಿ ಬಾಜೂದಾಗ ಬಿದ್ದೈತಿ.”

“ತುಳುಕಿದ್ರ ಏನಾತು?”

“ಬಾಜೂದಾಗ ಒಂದು ಪತ್ತಾ ಬರದಿಟ್ಟಿರತೈತ್ರಿ. ಈ ಕೆಲಸ ಮುಗದ ಮ್ಯಾಲ ಮುಂದ ಎಲ್ಲಿ ಹೋಗಬೇಕು ಅನ್ನೂ ಪತ್ತಾ. ಅದನ್ನ ಅಳಿಸಿ ತಮ್ಮ ಪತ್ತಾ ಬರದಾರ. ಮಶೀನು ಪಾಪ, ಹೇಳಿದಲ್ಲಿ ಹೋಗಿ ಅವರು ಹೇಳಿದ್ದು ಮಾಡೈತಿ.”

“ಪಾಸ್‌ವರ್ಡ್ ಯಾರು ಕೊಟ್ರು?”

“ಯಾರೂ ಕೊಟ್ಟಿಲ್ರಿ. ಅದು ಬೇಕಾಗೂದಽ ಇಲ್ಲ. ಈ ಸಿ.ಡಿ. ಹಾಕಿದ ಮಶೀನಿನ್ಯಾಗೆಲ್ಲಾ ಪತ್ತಾ ಒಂದಽ. ಒಬ್ಬ ತನ್ನ ಮನ್ಯಾಗ ಕುಂತು ತನ್ನ ಮಶೀನ್ ಬಿಚ್ಚಿ ನೋಡಿದ್ರ ನಮ್ಮ ಮಶೀನಿಂದೂ ಗೊತ್ತಾದಂಗ. ದಿನಾ ಚಾಲೂ ಮಾಡುವಾಗ ಪತ್ತಾ ಪಿಸಬೇಕಾಗಿತ್ತು ಸರ. ಪಿಸಿದ್ರ ಹಿಂಗ ಆಗತಿದ್ದಿಲ್ಲ.”

ಆ ಕಡೆಯಿಂದ ಪುಟ ಕಟ್ಟುವ ನಮ್ಮ ಸಹೋದ್ಯೋಗಿ ತಲೆ ಎತ್ತಿದ. ನನ್ನ ವಯಸ್ಸಿನವನೇ, ನಾಲಗೆ ತಡೆಯಲಾರದ ಮನುಷ್ಯ. “ಅಲ್ರಿ, ಇಲ್ಲಿ ದಿನಾ ಪತ್ತಾ ಪಿಸಾವ್ರಿಗೆ ಏನ ಕಮ್ಮಿ ಅದೇನ್ರಿ ಬಾಯಾರ? ನಮ್ಮ ಸಾಹೇಬ್ರನ್ನಽ ಕೇಳ್ರಿ!” ಎಂದು ನಕ್ಕ.

ನಾಲ್ಕೈದು ಜನ ನಕ್ಕರು. ಬಾಯಾರೂ ಆ ಸ್ಥಿತಿಯಲ್ಲೂ ಸ್ವಲ್ಪ ನಕ್ಕರು. ಸಾಹೇಬ್ರು ಎಂದರೆ ನಾನು. ಮೂರನೆಯ ಕಂಪ್ಯೂಟರು, ಫ್ಲಾಪಿ, ಗೋಡೆಯ ಮೇಲಿನ ನೋಟೀಸು ಒಟ್ಟಿಗೆ ಕಣ್ಣ ಮುಂದೆ ಬಂದವು. ಈ ಅನಾಹುತ ನನ್ನ ಫ್ಲಾಪಿಯಿಂದಲೇ ಬಂದಿದೆ, ಬಾಯಾರಿಗೆ ಗೊತ್ತಾಗಿದೆ, ನೇರವಾಗಿ ಹೇಳಲು ಸಂಕೋಚವಾಗಿ ಸುತ್ತಿ ಬಳಸಿ ಹೇಳುತ್ತಿದ್ದಾರೆ ಎಂದು ಒಂದು ಕ್ಷಣಕ್ಕೆ ಅನಿಸಿತು. ಮರುಕ್ಷಣ, ಇರಲಾರದು, ಅವರು ಹೇಳುತ್ತಿರುವ ಪತ್ತಾ ಬೇರೆ ಏನೋ ಇರಬೇಕು ಎಂದೂ ಅನಿಸಿತು. ಪೆನ್ನು ನಿಲ್ಲಿಸಿ ಕೇಳಬೇಕಾದ ಜಾಗ ಅದು. ಕೇಳಿದರೆ ಇಸ್ಪೀಟಿನ ಮಾತು ಬೆಳೆದು ಮಾಲಕರ ಕಿವಿಗೆ ಬೀಳುತ್ತದೆಂದು ನಾನು ಕೇಳಲಿಲ್ಲ.

ಬಾಯಾರು ಒಂದು ಉದ್ದ ಕಾಗದ ಹರಿದು ನನ್ನ ಕೈಗೆ ಕೊಟ್ಟರು. ಹೊರಗಿನಿಂದ ಆ ಯಂತ್ರಕ್ಕೆ ಯಾರು ಏನು ಕಳಿಸಿದರೂ ಅದರ ಒಂದು ಸಾಲು ಬಗಲಿನ ಹಳೆಯ ಪ್ರಿಂಟರಿನಲ್ಲಿ ಕರ್ರ್ ಎಂದು ಅಚ್ಚಾಗುವಂತೆ ಅವರು ಮಾಡಿಟ್ಟಿದ್ದರು. ಆ ಕಾಗದದ ಮೇಲೆ ಒಂದೇ ಅಕ್ಷರ ಸಾಲುಗಟ್ಟಲೆ ಬಿದ್ದು, ಕೊನೆಗೆ ಅರ್ಥವಾಗದ ಚಿಹ್ನೆಗಳಿದ್ದವು.

“ಇದನ್ನ ಜೋಡಸ್ರಿ ಸರ. ತಿಳದಾವ್ರು ಯಾರರೆ ನೋಡಿದ್ರ ಗೊತ್ತಾಗತೈತಿ.”

“ಮಾಲಕರಿಗೆ ಇದು ತಿಳಿಯೂದಿಲ್ಲ ಬಾಯಾರ.”

“ಪುಣೇಕ ಕಳಿಸಿ ಕೇಳಲಿ.”

ನಾನು ಕಾಗದ ಮಡಚಿ ನೋಟ್‌ಬುಕ್ಕಿನಲ್ಲಿ ಇಟ್ಟುಕೊಂಡೆ. ವರದಿಗೆ ಜೋಡಿಸಲಿಲ್ಲ.

ವರದಿಯ ಒಂಬತ್ತನೆಯ ವಾಕ್ಯ ಹೀಗಿತ್ತು: “ಯಂತ್ರಾವರ ಪತ್ತೇ ಪಿಸಣ್ಯಾಚಾ ಉಲ್ಲೇಖ ಸ್ವತಃ ಆಪರೇಟರ್ ಬಾಈಂನೀಚ ಕೇಲಾ.” ಯಂತ್ರದಲ್ಲಿ ಪತ್ತಾ ಪಿಸುವ ವಿಷಯವನ್ನು ಸ್ವತಃ ಆಪರೇಟರ್ ಬಾಯಿಯವರೇ ಎತ್ತಿದರು. ಈ ವಾಕ್ಯವನ್ನು ಕಟ್ಟಲು ನನಗೆ ಹತ್ತು ನಿಮಿಷ ಹಿಡಿದಿತ್ತು. ಯಾರು ಪಿಸುತ್ತಿದ್ದರು ಎಂಬುದು ಅದರಲ್ಲಿಲ್ಲ. ಯಾವ ಯಂತ್ರ ಎಂಬುದಿಲ್ಲ. ಓದಿದವರಿಗೆ ಮಾತ್ರ ಒಬ್ಬರೇ ಕಾಣುತ್ತಾರೆ. ಇಂಥ ವಾಕ್ಯಗಳನ್ನು ಪೊಲೀಸ್ ಪ್ರಕಟಣೆಗಳಲ್ಲಿ ನೋಡಿ ನಾನು ಎಷ್ಟೋ ಸಲ ಗೆರೆ ಎಳೆದು, ಕರ್ತೃ ಎಲ್ಲಿ ಎಂದು ಬರೆದು ಹಿಂದಕ್ಕೆ ಕಳಿಸಿದ್ದೆ.

ಮಾಲಕರು ಓದಿ, “ಆಫಿಸಾತ ಪತ್ತೇ?” ಎಂದರು. ಆಫೀಸಿನಲ್ಲಿ ಇಸ್ಪೀಟೇ ಎಂದು. ಬಾಯಾರನ್ನು ಒಳಗೆ ಕರೆದರು. ನಾನು ಹೊರಗೆ ಬಂದೆ. ಕೆಲ ನಿಮಿಷಗಳ ಮೇಲೆ ಬಾಯಾರು ಬಾಗಿಲು ತೆರೆದು ಬಂದು ನನ್ನ ಮೇಜಿನ ಮುಂದೆ ನಿಂತರು.

“ಸರ, ಏನ ಬರದೀರಿ?”

“ನೀವು ಹೇಳಿದ್ದಽ ಬರದೀನ್ರಿ ಬಾಯಾರ.”

“ನಾ ಹೇಳಿದ್ದು ಆ ಪತ್ತಾ ಅಲ್ರಿ.”

“ಶಬ್ದ ಅದಽ ಇತ್ತಲ್ರಿ?”

ಅವರು ನನ್ನನ್ನು ನೋಡಿದರು. ಅವರಿಗೆ ಆ ಗಳಿಗೆಯಲ್ಲಿ ಎಲ್ಲ ತಿಳಿಯಿತೆಂದು ನನಗೆ ಗೊತ್ತಾಯಿತು. ಇಸ್ಪೀಟು ಯಾರು ಆಡುತ್ತಿದ್ದರೆಂದು ಕೂಗಿ ಹೇಳಬಹುದಿತ್ತು. ಹತ್ತು ಹೆಜ್ಜೆಯ ಮೇಲೆ ಮಾಲಕರ ಬಾಗಿಲು ತೆರೆದೇ ಇತ್ತು. ಹೇಳಲಿಲ್ಲ.

“ಹೌದ್ರಿ. ಶಬ್ದ ಅದಽ ಇತ್ತು” ಎಂದು ಚೀಲ ತೆಗೆದುಕೊಂಡು ಹೋದರು.

ಮಾತು ಅಕ್ಕಲಕೋಟಕ್ಕೆ ಅವರಿಗಿಂತ ಮೊದಲೇ ಮುಟ್ಟಿತು. ನಮ್ಮ ಅಲ್ಲಿಯ ವರದಿಗಾರ ಫೋನಿನಲ್ಲಿ ಕೇಳಿ, ಚಹಾದಂಗಡಿಯಲ್ಲಿ ಹೇಳಿದ. ಮೊದಲು ಆಫೀಸಿನಲ್ಲಿ ಪತ್ತಾ ಆಡಿದ್ದಕ್ಕೆ ತೆಗೆದರು ಎಂದಿತ್ತು. ವಾರದಲ್ಲಿ ಗಂಡಸರ ಜೊತೆ ಆಡುತ್ತಿದ್ದರು ಎಂದಾಯಿತು. ಗುರುವಾರಕ್ಕೊಮ್ಮೆ ಮಠದ ದರ್ಶನಕ್ಕೆ ಹೊರಗಿನ ಸಾವಿರ ಜನ ಬಂದುಹೋಗುವ ಊರಾದರೂ ಊರಿನವರು ಊರಿನವರ ಮೇಲೆ ಇಟ್ಟ ಕಣ್ಣು ತೆಗೆಯುವುದಿಲ್ಲ. ಕ್ಲಾಸಿನ ಹುಡುಗಿಯರು ಒಬ್ಬೊಬ್ಬರಾಗಿ ಬಿಟ್ಟರು. ಇದೆಲ್ಲ ನನಗೆ ಆಗಲೇ ಗೊತ್ತಿತ್ತು. ಆ ವರದಿಗಾರನೇ ನಗುತ್ತ ಹೇಳಿದ್ದ. ಹಾಗೆಲ್ಲ ಮಾತಾಡಬಾರದು ಎಂದೆ. ಅಷ್ಟೇ ಹೇಳಿದೆ.

ಏಳೆಂಟು ತಿಂಗಳ ಮೇಲೆ ಸೊಲ್ಲಾಪುರದ ಹತ್ತಿರ ಚಿಂಚೋಳಿಯ ಕೈಗಾರಿಕಾ ಪ್ರದೇಶವಾದ ಎಂಐಡಿಸಿಯಲ್ಲಿ ಒಂದು ಕಾರಖಾನೆಯ ಕಚೇರಿಗೆ ಇದೇ ಗತಿಯಾಯಿತು. ಸುದ್ದಿ ಮಾಡಲು ನಾನೇ ಹೋದೆ. ಪುಣೆಯಿಂದ ಬಂದಿದ್ದ ಎಂಜಿನಿಯರು ಟೇಬಲ್ಲಿನ ಮೇಲೆ ಬೆರಳಿನಿಂದ ಚೌಕ ಬರೆದು ತೋರಿಸುತ್ತ ಮರಾಠಿಯಲ್ಲಿ ವಿವರಿಸಿದ. ಯಂತ್ರದ ಮೆಮರಿ ಎಂದರೆ ಸಂಖ್ಯೆ ಹಾಕಿದ ಮನೆಗಳ ಉದ್ದ ಸಾಲು. ಯಾವ ಪ್ರೋಗ್ರಾಮು ಯಾವ ಮನೆಯಲ್ಲಿ ಕೂಡಬೇಕೆಂದು ಹಂಚಿಕೊಡುವ ಒಂದು ಮುಖ್ಯ ಪ್ರೋಗ್ರಾಮು ಇರುತ್ತದೆ, ಅದಕ್ಕೆ ಕರ್ನೆಲ್ ಎನ್ನುತ್ತಾರೆ. ಅದು ಲೆಕ್ಕದ ಮನುಷ್ಯನಂತೆ, ಯಾವಾಗ ಶುರು ಮಾಡಿದರೂ ಅದೇ ಪ್ರೋಗ್ರಾಮನ್ನು ಅದೇ ಮನೆಗೇ ಕಳಿಸುತ್ತದೆ. ಶಿಸ್ತು ಒಳ್ಳೆಯದೇ, ಕಳ್ಳನಿಗೂ ಅದೇ ಶಿಸ್ತು ಉಪಯೋಗಕ್ಕೆ ಬರುತ್ತದೆ.

“ಹಾಗಾದರೆ ಉಪಾಯ?” ಎಂದೆ.

ಆತ ಎರಡೂ ಕೈಯಲ್ಲಿ ಎಲೆ ಕಲೆಸಿದ ಹಾಗೆ ಮಾಡಿ, “ಪತ್ತೇ ಪಿಸಾಯಚೇ!” ಎಂದು ತನ್ನ ಚಮತ್ಕಾರಕ್ಕೆ ತಾನೇ ನಕ್ಕ. ವಿಳಾಸವೂ ಪತ್ತಾ, ಎಲೆಯೂ ಪತ್ತಾ. ಕೆಲವರು ಈ ದಿಕ್ಕಿನಲ್ಲಿ ಯೋಚಿಸುತ್ತಿದ್ದಾರೆ, ಇನ್ನೂ ಸಾಮಾನ್ಯರ ಯಂತ್ರಕ್ಕೆ ಬಂದಿಲ್ಲ ಎಂದ.

ನಾನು ಬರೆದುಕೊಳ್ಳುವುದನ್ನು ನಿಲ್ಲಿಸಿದ್ದೆ. ಇನ್ನೊಂದು ಪ್ರಶ್ನೆ ಕೇಳಬೇಕಿತ್ತು, ಕೇಳಿದೆ. ಅದೇ ಕಚೇರಿಯ ಬೇರೆ ಕಂಪ್ಯೂಟರಿನಲ್ಲಿ ಯಾರಾದರೂ ಫ್ಲಾಪಿಯಿಂದ ಆಟ ಹಾಕಿದ್ದರೆ, ಅದರಿಂದ ಹೀಗಾಗಬಹುದೇ? ನೀವು ಹೇಳುವಂಥ ಆಟಕ್ಕೂ ಇದಕ್ಕೂ ಏನು ಸಂಬಂಧ ಎಂದು ಆತ ನನ್ನ ಮುಖ ನೋಡಿದ.

ಎಂಐಡಿಸಿಯಿಂದ ಕಚೇರಿಗೆ ಬಂದು ಹಳೆಯ ನೋಟ್‌ಬುಕ್ಕು ತೆಗೆದೆ. ಬಾಯಾರು ಹೇಳಿದ್ದೆಲ್ಲ ನನ್ನ ಅಕ್ಷರದಲ್ಲೇ ಇತ್ತು: ತುಳುಕಿದ್ದು, ಬಾಜೂದ ಪತ್ತಾ, ಎಲ್ಲ ಮಶೀನಿನಲ್ಲೂ ಒಂದೇ, ಚಾಲೂ ಮಾಡುವಾಗ ಪಿಸಬೇಕು. ಪುಣೆಯ ಎಂಜಿನಿಯರು ಅರ್ಧ ಗಂಟೆಯಲ್ಲಿ ಹೇಳಿದ್ದನ್ನು ಅವರು ನಿಂತುಕೊಂಡು, ಹಸಿದುಕೊಂಡು, ಹದಿನಾಲ್ಕು ಸಣ್ಣ ವಾಕ್ಯಗಳಲ್ಲಿ ಹೇಳಿದ್ದರು. ಸಾಲಿನಿಂದ ಸಾಲಿಗೆ ಎಲ್ಲಿಯೂ ಇಸ್ಪೀಟಿಗೆ ಜಾಗವಿರಲಿಲ್ಲ. ನನ್ನ ಭಯವೊಂದೇ ಅದನ್ನು ಅಲ್ಲಿಗೆ ತಂದಿತ್ತು. ನಾನು ಮುಚ್ಚಿಟ್ಟ ತಪ್ಪಿಗೂ ಅಂದಿನ ಅನಾಹುತಕ್ಕೂ ಯಾವ ಸಂಬಂಧವೂ ಇರಲಿಲ್ಲ. ಒಪ್ಪಿಕೊಂಡಿದ್ದರೆ ಬೈಸಿಕೊಂಡು ಮುಗಿಯುತ್ತಿತ್ತೇನೋ. ಬಾಯಾರಂತೂ ಉಳಿಯುತ್ತಿದ್ದರು.

ಇಂದು ಇದನ್ನು ಬರೆಯುವಾಗ, ಬಾಯಾರು ಹೇಳಿದ ಕೆಲಸವನ್ನು ನಮ್ಮ ನಿಮ್ಮ ಕಿಸೆಯ ಫೋನು ಕೂಡ ಸದ್ದಿಲ್ಲದೆ ಮಾಡುತ್ತದೆ. ಪ್ರೋಗ್ರಾಮು ಶುರುವಾದಾಗಲೆಲ್ಲ ಕರ್ನೆಲ್ ಅದಕ್ಕೆ ಹೊಸ ಜಾಗ ಆರಿಸಿಕೊಡುತ್ತದೆ. ಮುಂದೆ ಕರ್ನೆಲ್ ತಾನೂ, ಯಂತ್ರ ಎದ್ದಾಗೊಮ್ಮೆ, ಯಾವುದೋ ಒಂದು ಸಂಖ್ಯೆ ಎತ್ತಿ ಅಷ್ಟು ದೂರ ಸರಿದು ಕೂಡುವುದನ್ನು ಕಲಿಯಿತು. ಹೊರಗಿನವನು ಊಹಿಸಿ ತಪ್ಪಿದರೆ ಪ್ರೋಗ್ರಾಮು ಅಲ್ಲೇ ಸತ್ತು ಬೀಳುತ್ತದೆ, ಅವನ ಮಾತು ಕೇಳುವುದಿಲ್ಲ. ಇದೂ ಪೂರ್ತಿ ಭದ್ರವಲ್ಲ. ಎಲ್ಲವೂ ಒಂದೇ ಅಳತೆಯಲ್ಲಿ ಸರಿದಿರುವುದರಿಂದ, ಒಳಗಿನ ಒಂದೇ ಒಂದು ವಿಳಾಸ ಎಲ್ಲಾದರೂ ಸೋರಿದರೆ ಉಳಿದದ್ದನ್ನೆಲ್ಲ ಕೂಡಿ ಕಳೆದು ತಿಳಿಯಬಹುದು. ಇದನ್ನು ನನಗೆ ಹೇಳಿದವರೂ ಬಾಯಾರೇ. ಆಗಿನ್ನೂ ಅದು ಯಾರ ಯಂತ್ರದಲ್ಲೂ ಇರಲಿಲ್ಲ.

ಅವರು ಹಾಗೆ ಹೇಳಿದ್ದು ನಾನು ಅಕ್ಕಲಕೋಟಕ್ಕೆ ಹೋದ ದಿನ. ಚಿಂಚೋಳಿಯ ಸುದ್ದಿ ಅಚ್ಚಾಗಿ ಮೂರು ದಿನವಾಗಿತ್ತು. ಮನೆ ಹುಡುಕುವುದು ಕಷ್ಟವಾಗಲಿಲ್ಲ, ಕಂಪ್ಯೂಟರ್ ಬಾಯಾರ ಮನೆ ಎಂದೊಡನೆ ಚಹಾದಂಗಡಿಯವನು ಒಂದು ಥರ ನಕ್ಕು ದಾರಿ ತೋರಿಸಿದ. ಕಟ್ಟೆಯ ಮೇಲೆ ಅವರ ಅಣ್ಣ ಕುಳಿತಿದ್ದ. ನನ್ನ ಪರಿಚಯ ಕೇಳಿ ಏಳಲೂ ಇಲ್ಲ.

“ಓಹೋ, ಪೇಪರಿನ ಸಾಹೇಬ್ರು. ಯಾಕ್ರಿ, ನಿಮ್ಮ ಆಫೀಸಿನ್ಯಾಗ ಕೈ ಕಮ್ಮಿ ಬಿದ್ದಾವೇನು? ಪತ್ತಾ ಆಡಾಕ ಇಲ್ಲೀತನಾ ಬಂದೀರಿ?”

“ಅಣ್ಣಾ, ಸುಮ್ಕ ಕೂಡು” ಎಂದು ಒಳಗಿನಿಂದ ದನಿ ಬಂತು. “ಬರ್ರಿ ಸರ, ಒಳಗ ಬರ್ರಿ.”

ಮುಂದಿನ ಕೋಣೆಯಲ್ಲಿ ಎರಡು ಕಂಪ್ಯೂಟರುಗಳಿಗೆ ಬಟ್ಟೆ ಹೊದಿಸಿತ್ತು. ಬೆಂಚುಗಳನ್ನು ಒಂದರ ಮೇಲೊಂದು ಇಟ್ಟಿದ್ದರು. ನಾನು ಬಸ್ಸಿನಲ್ಲಿ ಕಟ್ಟಿಕೊಂಡು ಬಂದ ಮಾತುಗಳನ್ನು ಬಿಟ್ಟು, ಚಿಂಚೋಳಿಯಲ್ಲಿ ಕೇಳಿದ್ದನ್ನು ಹೇಳಿದೆ. ನೀವು ಹೇಳಿದ್ದು ಸರಿಯಿತ್ತು ಎಂದೆ. ಆಮೇಲೆ ಇಸ್ಪೀಟಿನದನ್ನೂ ಹೇಳಿದೆ. ಅವರು ಬೇಸರ ಮಾಡಿಕೊಳ್ಳುತ್ತಾರೆ, ಅಳುತ್ತಾರೆ, ಹೊರಗೆ ಹೋಗು ಎನ್ನುತ್ತಾರೆ, ಹೀಗೆ ಎಲ್ಲದಕ್ಕೂ ಸಿದ್ಧನಾಗಿದ್ದೆ. ಅವರು ಮುಂದಕ್ಕೆ ಬಾಗಿದರು.

“ಚಿಂಚೋಳ್ಯಾಗೂ ಅದಽ ಸಿ.ಡಿ. ಇತ್ತೇನ್ರಿ? ಅದಽ ಸುದ್ದಿ ಇಸ್ಕೊಳ್ಳೂ ಪ್ರೋಗ್ರಾಮ್?”

“ಕೇಳಿಲ್ರಿ.”

“ಕೇಳಬೇಕಿತ್ತು ಸರ” ಎಂದರು. ಕೋಪದಿಂದಲ್ಲ. ಕ್ಲಾಸಿನಲ್ಲಿ ಹೇಳುವ ಹಾಗೆ. ಆಮೇಲೆ ನನಗೆ ಪೂರ್ತಿ ತಿಳಿಯಲಿಲ್ಲವೆಂದು ಕಂಡು, ಸೊಲ್ಲಾಪುರದ ಎಸ್.ಟಿ. ಸ್ಟ್ಯಾಂಡಿನ ಉದಾಹರಣೆ ಕೊಟ್ಟರು. ಫಲಾಟ ಎಂದರೆ ಬಸ್ಸು ನಿಲ್ಲುವ ಪ್ಲಾಟ್‌ಫಾರ್ಮು. “ಅಕ್ಕಲಕೋಟ ಗಾಡಿ ದಿನಾ ಒಂದಽ ಫಲಾಟಿಗೆ ಹತ್ತತೈತಿ. ಕಿಸೆಗಳ್ಳ ಯಾರನ್ನೂ ಕೇಳೂದು ಬ್ಯಾಡ, ಹೋಗಿ ನಿಂತ್ರ ಆತು. ಕಂಟ್ರೋಲರ್ ದಿನಾ ಫಲಾಟ ಬದಲಿ ಮಾಡಿ, ಟಿಕೀಟ ಇದ್ದಾವ್ರ ಕಿವ್ಯಾಗಷ್ಟಽ ಹೇಳಿದ್ರ? ಕಳ್ಳ ಬಾರ್ಸಿಗೆ ಹೋಗೂ ಗಾಡ್ಯಾಗ ಕೈ ಹಾಕಿ ಸಿಕ್ಕೊಂತಾನ. ಆದ್ರ ಒಂದು ಐತಿ ಸರ. ಎಲ್ಲಾ ಗಾಡೀನೂ ಅಷ್ಟಷ್ಟಽ ಸರಸಿದ್ರ, ಒಂದು ಗಾಡಿ ಎಲ್ಲೈತಿ ಅಂತ ಯಾರರೆ ಬಾಯಿ ಬಿಟ್ರ ಎಲ್ಲಾ ಗೊತ್ತಾದಂಗಽ.”

ಏಳೆಂಟು ತಿಂಗಳಿನಿಂದ ಈ ಮಾತನ್ನು ಆಡಲು ಅವರಿಗೆ ಒಬ್ಬ ಮನುಷ್ಯನೂ ಸಿಕ್ಕಿರಲಿಲ್ಲ ಎಂಬುದು ಅವರು ಹೇಳುತ್ತಿದ್ದ ಉತ್ಸಾಹದಿಂದಲೇ ತಿಳಿಯುತ್ತಿತ್ತು. ಅದನ್ನು ಕೇಳುತ್ತ ಕುಳಿತುಕೊಳ್ಳುವುದು ಬೈಗುಳ ತಿನ್ನುವುದಕ್ಕಿಂತ ಕಷ್ಟವಾಯಿತು.

ಮಾತು ಮುಗಿದ ಮೇಲೆ ಅವರು ಎರಡು ಹಾಳೆ ತಂದಿಟ್ಟರು. “ಒಂದು ಮಾಲಕರಿಗೆ ಬರೀರಿ. ಒಂದು ಇಲ್ಲಿ ಬಾಗಲಕ್ಕ ಹಚ್ಚಾಕ. ಮರಾಠ್ಯಾಗಽ ಬರೀರಿ, ಇಲ್ಲಿ ಕನ್ನಡ ಮಾತಾಡ್ತಾರ, ಓದಾವ್ರು ಕಮ್ಮಿ.”

ಬರೆದೆ. ಯಂತ್ರ ಕೆಟ್ಟದ್ದು ಹೊರಗಿನವರಿಂದ. ಬಾಯಿಯವರು ಕೊಟ್ಟ ಕಾರಣ ಸರಿಯಾಗಿತ್ತು. ‘ಪತ್ತೇ’ ಎಂಬ ಅವರ ಮಾತಿನ ಅರ್ಥ ವಿಳಾಸ. ವರದಿಯಲ್ಲಿ ಅದು ತಪ್ಪು ಅರ್ಥ ಬರುವಂತೆ ಸೇರಿತು. ಕಚೇರಿಯಲ್ಲಿ ಇಸ್ಪೀಟು ಆಡುತ್ತಿದ್ದವರು ಬೇರೆ ಒಬ್ಬ ಸಹೋದ್ಯೋಗಿ. ಅವರು ಓದಿದರು.

“ಸೇರಿತು ಅಂದ್ರ? ತಾನಽ ಬಂದು ಕುಂತಿತ್ತೇನ್ರಿ?”

“ತಿದ್ದತೀನಿ.”

“ಮತ್ತ ಈ ಬ್ಯಾರೆ ಒಬ್ಬ ಸಹೋದ್ಯೋಗಿ? ಇಂವಂದು ಊರೂ ಇಲ್ಲ, ಪತ್ತಾನೂ ಇಲ್ಲ!”

ಹೊರಗೆ ಅಣ್ಣ ಜೋರಾಗಿ ನಕ್ಕ. ನಾನು ಆ ಹಾಳೆ ಹರಿದು, ಹೊಸದಾಗಿ ಎರಡು ಹಾಳೆಯಲ್ಲೂ ‘ನಾನು’ ಎಂದು ಬರೆದೆ. ‘ನಾನು ಆಡುತ್ತಿದ್ದೆ. ನಾನು ಹೆದರಿದ್ದೆ. ನಾನು ಬೇಕೆಂದೇ ಹಾಗೆ ಬರೆದೆ.’ ಅಷ್ಟು ಚಿಕ್ಕ ವಾಕ್ಯಗಳನ್ನು ನಾನು ಅದುವರೆಗೆ ಬರೆದಿರಲಿಲ್ಲ.

ಮಾಲಕರಿಗೆ ಮರುದಿನ ಕೊಟ್ಟೆ. ನನ್ನ ಕೆಲಸ ಹೋಗುತ್ತದೆಂದು ಮನೆಯಲ್ಲಿ ಹೇಳಿ ಬಂದಿದ್ದೆ. ಅವರು ಎರಡು ಸಲ ಓದಿದರು. “ಜುನೀ ಗೋಷ್ಟ, ಸೋಡಾ ಆತಾ” ಎಂದರು. ಹಳೆಯ ಸಂಗತಿ, ಬಿಡಿ ಎಂದು. ಆ ಜಾಗಕ್ಕೆ ಬೇರೆಯವರು ಬಂದಾಗಿದೆ, ಈಗ ಅವರನ್ನು ಹೇಗೆ ತೆಗೆಯುವುದು? ಗೋಡೆಯ ನೋಟೀಸಿನ ಮಾತು ಎತ್ತಿದೆ. ನೀವು ಹಿರಿಯರು, ಅದು ಹುಡುಗರಿಗೆ ಎಂದರು. ನನಗೆ ಏನೂ ಆಗಲಿಲ್ಲ. ಪುಟ ಕಟ್ಟುವ ಗೆಳೆಯ ಮಧ್ಯಾಹ್ನ, “ಯಾಕ್ರಿ ಸಾಹೇಬ್ರ, ಇವತ್ತ ಪತ್ತಾ ಇಲ್ಲೇನು?” ಎಂದು ಕೇಳಿದ.

ಬಾಯಾರಿಗೆ ಫೋನು ಮಾಡಿದೆ. “ಗೊತ್ತಿತ್ರಿ” ಎಂದರು. “ಇಲ್ಲಿ ಹಚ್ಚೂದು ಹಚ್ಚೀನಿ. ಸಹೀ ಮಾಡೂದು ಮರತೀರಿ ಸರ.”

ನಿಜ, ಬಾಗಿಲಿಗೆ ಹಚ್ಚುವ ಹಾಳೆಗೆ ನಾನು ಸಹಿ ಹಾಕಿರಲಿಲ್ಲ. ಮರೆತೆನೋ, ಬಿಟ್ಟೆನೋ, ಇಂದಿಗೂ ಪ್ರಮಾಣ ಮಾಡಿ ಹೇಳಲಾರೆ. ಆ ಭಾನುವಾರ ಮತ್ತೆ ಹೋದೆ. ಬಾಗಿಲ ಮುಂದೆ ಇಬ್ಬರು ಹೆಂಗಸರು ನಿಂತಿದ್ದರು, ಕೈಯಲ್ಲಿ ಸಂತೆಯ ಚೀಲ. ಒಬ್ಬಾಕೆ ಇನ್ನೊಬ್ಬಾಕೆಗೆ ಓದಿ, ಕನ್ನಡದಲ್ಲಿ ಹೇಳುತ್ತಿದ್ದಳು.

“ಬಾಯಾರು ಆಡಿಲ್ಲಂತವಾ. ‘ನಾನು ಆಡುತ್ತಿದ್ದೆ’ ಅಂತ ಬರದಾರ.”

“ನಾನು ಅಂದ್ರ ಯಾರ?”

“ಯಾರಿಗೊತ್ತು. ಹೆಸರಽ ಇಲ್ಲ. ಬಾಯಾರಽ ಬರದು ಹಚ್ಚಿರಬೇಕು.”

ನಾನು ಅವರ ಹಿಂದೆ ಎರಡು ಹೆಜ್ಜೆಯ ಮೇಲಿದ್ದೆ. ಬರೆದವನು ನಾನೇ ಎಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವರು ಚೀಲ ಎತ್ತಿಕೊಂಡು ತಿರುವಿನಲ್ಲಿ ಹೋಗಿದ್ದರು. ಓಡಿ ಹೋಗಿ ಹೇಳಬಹುದಿತ್ತು. ನಾನು ಪೆನ್ನು ತೆಗೆದು ಹಾಳೆಯ ಕೆಳಗೆ ಪೂರ್ತಿ ಹೆಸರು, ಹುದ್ದೆ, ಕಚೇರಿಯ ವಿಳಾಸ ಬರೆದು ಸಹಿ ಮಾಡಿದೆ. ಬಾಯಾರು ಒಳಗಿನಿಂದ ನೋಡುತ್ತಿದ್ದರು. ಚಹಾ ಕೊಟ್ಟರು.

ಮುಂದಿನ ತಿಂಗಳು ಕ್ಲಾಸಿಗೆ ನಾಲ್ಕು ಹುಡುಗಿಯರು ಬರತೊಡಗಿದರೆಂದು ಕೇಳಿದೆ. ಮೊದಲು ಎಷ್ಟು ಜನರಿದ್ದರೆಂದು ವರದಿಗಾರನಾದವನು ಕೇಳಬೇಕು. ನಾನು ಕೇಳಿಲ್ಲ.